ಬೂಟು ಬಿಗಿಯೆಂದ ಮಿಡ್‌ಫೀಲ್ಡರ್

ಫುಟ್‌ಬಾಲ್ ಆಟಗಾರನ ಕಾಲು ಹೇಗಿದೆ ಎಂದು ತಿಳಿಯಬೇಕಾದರೆ ಅವನು ಮೆಟ್ಟಿಲು ಇಳಿಯುವುದನ್ನು ನೋಡಬೇಕು. ಮೈದಾನದಲ್ಲಿ ಅವನು ಎಂಥ ನೋವನ್ನೂ ಮುಚ್ಚಿಡಬಲ್ಲ. ಮರುದಿನ ಬೆಳಗ್ಗೆ ಕೈಯಲ್ಲಿ ಕಾಫಿ ಹಿಡಿದು, ಯಾರೊಂದಿಗೋ ಮಾತಾಡುತ್ತ ಮೆಟ್ಟಿಲು ಇಳಿಯುವಾಗ ಮುಚ್ಚಿಡಲಾರ. ಇದನ್ನು ನನಗೆ ಕಾಲೇಜಿನಲ್ಲಿ ಯಾರೂ ಕಲಿಸಲಿಲ್ಲ. ನಾನು ಕಲಿತದ್ದು ತಪ್ಪು ಮಾಡಿ. ಫಿಸಿಯೋಥೆರಪಿ ಓದಿ ಆಟಗಾರರ ಜೊತೆ ಕೆಲಸ ಮಾಡಲು ಹೊರಟಿರುವವರಿಗೆ ನನ್ನ ಸರ್ಟಿಫಿಕೇಟುಗಳಿಂದ ಏನೂ ಪ್ರಯೋಜನವಿಲ್ಲ. ಆ ತಪ್ಪುಗಳಿಂದ ಆಗಬಹುದು ಎಂದು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಕೋಲಾರದ ಚಿನ್ನದ ಗಣಿ ಊರಿನಲ್ಲಿ. ಅಪ್ಪ ಗಣಿ ಆಸ್ಪತ್ರೆಯಲ್ಲಿ ಕಾಂಪೌಂಡರ್. ನಮ್ಮಲ್ಲಿ ಕ್ರಿಕೆಟ್ಟಿಗಿಂತ ಫುಟ್‌ಬಾಲಿಗೇ ಹೆಚ್ಚು ಜನ ಸೇರುತ್ತಿದ್ದರು. ಒಂದೊಂದು ಗಣಿಗೂ ಒಂದೊಂದು ಟೀಮು. ನಾನೂ ಆಡಿದೆ, ಚೆನ್ನಾಗಿ ಆಡಲಿಲ್ಲ. ಬೆಂಗಳೂರಿನಲ್ಲಿ ಓದಿ, ಅಮೆರಿಕಕ್ಕೆ ಬಂದು, ಸ್ಯಾನ್ ಮಟಿಯೋದ ಒಂದು ಆಸ್ಪತ್ರೆಯಲ್ಲಿ ಆರು ವರ್ಷ ಮುದುಕರ ಮಂಡಿಗಳನ್ನು ಬಗ್ಗಿಸಿದ ಮೇಲೆ, ಸ್ಯಾನ್ ಹೊಸೆಯ ಕಡೆಯ ಒಂದು ವೃತ್ತಿಪರ ಫುಟ್‌ಬಾಲ್ ಕ್ಲಬ್ಬು ನನ್ನನ್ನು ಕರೆಯಿತು. ಮನೆ ಮಾರ್ಗನ್ ಹಿಲ್‌ನಲ್ಲಿತ್ತು. ಬೆಳಗ್ಗೆ ಫ್ರೀವೇ ಹಿಡಿದು ಹೊರಟರೆ ದಾರಿಯುದ್ದಕ್ಕೂ ಡಾಟ್‌ಕಾಮ್ ಕಂಪನಿಗಳ ದೊಡ್ಡ ಬೋರ್ಡುಗಳು. ನಾಯಿ ಆಹಾರಕ್ಕೊಂದು, ಹೂವಿಗೊಂದು, ಏನು ಮಾರುತ್ತಾರೆಂದೇ ತಿಳಿಯದ್ದು ಹತ್ತು. ನಮ್ಮ ಕ್ಲಬ್ಬಿನ ಯಜಮಾನರೂ ಅಂಥ ಒಂದು ಕಂಪನಿಯವರೇ.

ಕೋಚ್ ಹ್ಯಾನಿಗನ್ ಇಂಗ್ಲೆಂಡಿನ ಉತ್ತರ ಭಾಗದವರು, ಹಳೆಯ ಡಿಫೆಂಡರ್. ಗಾಯ ಎಂಬುದು ಆಟಗಾರನ ಸ್ವಭಾವದ ದೋಷ ಎಂದು ನಂಬಿದ್ದವರು. ನನ್ನ ಹೆಸರು ಮುನಿರಾಜು. ಅವರು ಕೊನೆಯವರೆಗೂ ‘ಮೂನಿ’ ಎಂದೇ ಕರೆದರು. ಮೊದಲ ಪಂದ್ಯದಲ್ಲಿ ನಾನು ಗೋಲ್‌ಕೀಪರನ ಹಿಮ್ಮಡಿಗೆ ಟೇಪು ಸುತ್ತಿದೆ. ಆಸ್ಪತ್ರೆಯ ಅಭ್ಯಾಸದಂತೆ ಗಟ್ಟಿಯಾಗಿಯೇ ಸುತ್ತಿದೆ. ಮಧ್ಯಂತರದ ಹೊತ್ತಿಗೆ ಅವನ ಕಾಲ್ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಕೋಚ್ ತಾವೇ ಕತ್ತರಿ ತಂದು ಟೇಪು ಬಿಚ್ಚಿ, ಅದನ್ನು ನನ್ನ ಕೋಣೆಯ ಬಾಗಿಲಿಗೆ ನೇತುಹಾಕಿದರು. ಒಂದು ತಿಂಗಳು ಅದು ಅಲ್ಲೇ ಇತ್ತು. ತೆಗೆಯಲು ನನಗೆ ಧೈರ್ಯವಾಗಲಿಲ್ಲ. ಆಮೇಲೆ ನಾನು ಟೇಪು ಸುತ್ತಿದ ಮೇಲೆ ಪ್ರತಿಯೊಬ್ಬನಿಗೂ ಹತ್ತು ಹೆಜ್ಜೆ ಓಡಿ ಬಾ ಎಂದು ಹೇಳುವುದನ್ನು ರೂಢಿ ಮಾಡಿಕೊಂಡೆ.

ಚಂಡಾ ಬಂದದ್ದು ನನ್ನ ನಾಲ್ಕನೇ ವರ್ಷದಲ್ಲಿ. ಅದು ಅವನ ನಿಜವಾದ ಹೆಸರಲ್ಲ. ಆಟಗಾರನ ದೇಹದ ವಿಷಯ ಬರೆಯುವಾಗ ನಿಜ ಹೆಸರು ಬರೆಯಬಾರದು. ಜಾಂಬಿಯಾ ದೇಶದವನು, ಇಪ್ಪತ್ತೇಳರ ವಯಸ್ಸು, ತನ್ನ ದೇಶದ ತಂಡದ ಮಿಡ್‌ಫೀಲ್ಡರ್. ಬೆಲ್ಜಿಯಮ್ಮಿನಲ್ಲಿ ಮೂರು ಚಳಿಗಾಲ ಆಡಿ ಇಲ್ಲಿಗೆ ಬಂದಿದ್ದ. ಅವನ ಊರು ತಾಮ್ರದ ಗಣಿಯ ಊರು, ಅಣ್ಣ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿಯೂ ಗಣಿಗೊಂದು ಟೀಮು. ಮೊದಲ ದಿನ ಬೆನ್ನು ಪರೀಕ್ಷಿಸುತ್ತ ಇದನ್ನು ಕೇಳಿದಾಗ ನಾನು ನಮ್ಮೂರಿನ ವಿಷಯ ಹೇಳಿದೆ. ಪಾಳಿ ಬದಲಾಗುವ ಸೈರನ್ನಿಗೆ ಪಂದ್ಯ ನಿಲ್ಲುತ್ತಿತ್ತೇ ಎಂದು ಕೇಳಿದ. ನಿಲ್ಲುತ್ತಿರಲಿಲ್ಲ, ಆದರೆ ನೋಡುವವರಲ್ಲಿ ಅರ್ಧ ಜನ ಎದ್ದು ಹೋಗುತ್ತಿದ್ದರು ಎಂದೆ. ತನ್ನೂರಿನಲ್ಲೂ ಹಾಗೆಯೇ ಎಂದ. ಅಲ್ಲಿಂದ ಅವನು ನನ್ನನ್ನು ‘ಮಿಸ್ಟರ್ ಮುನಿ’ ಎಂದು ಕರೆಯತೊಡಗಿದ.

ಒಂದು ಭಾನುವಾರ ಅವನನ್ನು ಮನೆಗೆ ಕರೆದೆ. ಹೆಂಡತಿ ಭಾಗ್ಯ ಮುದ್ದೆ, ಸೊಪ್ಪಿನ ಸಾರು ಮಾಡಿದ್ದಳು. ಇದನ್ನು ಹೇಗೆ ತಿನ್ನಬೇಕೆಂದು ಅವನಿಗೆ ತೋರಿಸಿಕೊಡಲು ನನ್ನ ಮಗಳು ಸಿದ್ಧಳಾಗಿ ಕೂತಿದ್ದಳು. ಅವನು ಕೈ ತೊಳೆದು ಬಂದು, ಮುದ್ದೆ ಮುರಿದು, ಬೆರಳಲ್ಲಿ ಗುಂಡಗೆ ಮಾಡಿ, ಹೆಬ್ಬೆರಳಿನಿಂದ ಗುಳಿ ಒತ್ತಿ ಸಾರಿನಲ್ಲಿ ಅದ್ದಿದ. ತಮ್ಮಲ್ಲಿ ಇದನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುತ್ತಾರೆ, ಬಣ್ಣ ಬಿಳಿ, ಉಳಿದದ್ದೆಲ್ಲ ಇದೇ ಎಂದ. ಆಮೇಲೆ ತಿಂಗಳಿಗೆ ಎರಡು ಭಾನುವಾರವಾದರೂ ಬರುತ್ತಿದ್ದ.

ಹೊರದೇಶದಲ್ಲಿ ಆಡುವ ಅಂತರರಾಷ್ಟ್ರೀಯ ಆಟಗಾರನ ಬದುಕು ಹೊರಗಿನವರಿಗೆ ಗೊತ್ತಿರುವುದಿಲ್ಲ. ದೇಶದ ತಂಡದಿಂದ ಕರೆ ಬಂದರೆ ಅವನು ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಎರಡು ವಿಮಾನ ಬದಲಿಸಿ ಮಂಗಳವಾರ ತನ್ನ ದೇಶದ ರಾಜಧಾನಿ ಲುಸಾಕಾ ತಲುಪುತ್ತಿದ್ದ. ಅಲ್ಲಿ ಆಡಿ, ಮತ್ತೆ ಅಷ್ಟೇ ದೂರ ಹಾರಿ ಬಂದು, ಎರಡು ದಿನದಲ್ಲಿ ನಮ್ಮ ಪಂದ್ಯ ಆಡುತ್ತಿದ್ದ. ಹಿಂತಿರುಗಿದ ದಿನ ಅವನ ಕಾಲುಗಳು ಊದಿರುತ್ತಿದ್ದವು. ಇಷ್ಟೆಲ್ಲ ಯಾಕೆ, ಒಂದೆರಡು ಪಂದ್ಯ ಬಿಡು ಎಂದು ನಾನೊಮ್ಮೆ ಹೇಳಿದೆ.

“ಹೊರಗೆ ಆಡೋನನ್ನ ಊರವರು ಎರಡು ಸಲ ಕಾಯ್ತಾರೆ, ಮಿಸ್ಟರ್ ಮುನಿ,” ಎಂದ. “ಮೂರನೇ ಸಲ ಕಾಯೋದಿಲ್ಲ.”

ಆ ವರ್ಷ ಆಫ್ರಿಕಾ ಖಂಡದ ಪಂದ್ಯಾವಳಿಗೆ ಅವನ ದೇಶ ಆಯ್ಕೆಯಾಗಿತ್ತು. ಅವನನ್ನು ನಾಯಕನನ್ನಾಗಿ ಮಾಡುತ್ತಾರೆ ಎಂಬ ಮಾತಿತ್ತು.

ಅದೇ ಹೊತ್ತಿಗೆ ನಮ್ಮ ಯಜಮಾನರ ಗೆಳೆಯರೊಬ್ಬರು ಸ್ಯಾನ್ ಮಟಿಯೋದಲ್ಲಿ ಹೊಸ ಕಂಪನಿ ತೆರೆದಿದ್ದರು. ಅವರು ತಯಾರಿಸುತ್ತಿದ್ದದ್ದು ಎದೆಗೆ ಕಟ್ಟುವ ಒಂದು ಪಟ್ಟಿ. ಆಟಗಾರ ಎಷ್ಟು ಓಡಿದ, ಎಷ್ಟು ಜೋರಾಗಿ ಓಡಿದ, ಎದೆ ಬಡಿತ ಎಷ್ಟು ಎಂದೆಲ್ಲ ಅದು ಬರೆದುಕೊಳ್ಳುತ್ತಿತ್ತು. ಅದನ್ನು ನಮ್ಮ ಪ್ರಾಕ್ಟೀಸಿನಲ್ಲಿ ಪರೀಕ್ಷಿಸಲು ಒಪ್ಪಂದವಾಯಿತು. ಪ್ರತಿ ಮಂಗಳವಾರ, ಗುರುವಾರ ಲ್ಯಾಪ್‌ಟಾಪು ಹಿಡಿದು ಬರುತ್ತಿದ್ದ ಎಂಜಿನಿಯರು ಹುಬ್ಬಳ್ಳಿಯ ಇರ್ಫಾನ್. ಮೂವತ್ತರೊಳಗಿನವನು. ನಾನು ಕನ್ನಡದವನೆಂದು ತಿಳಿದ ದಿನ ಅವನು ಮೈದಾನದ ಅಂಚಿನಲ್ಲಿ ನಿಂತು ಅರ್ಧ ಗಂಟೆ ಮಾತಾಡಿದ್ದ.

ಕೋಚ್ ಹ್ಯಾನಿಗನ್ ಮೊದಲು ಆ ಪಟ್ಟಿಗಳನ್ನು ನಾಯಿಯ ಕೊರಳ ಪಟ್ಟಿ ಎಂದು ಹಾಸ್ಯ ಮಾಡುತ್ತಿದ್ದರು. ಎರಡನೇ ತಿಂಗಳ ವರದಿ ಬಂದ ಮೇಲೆ ಅವರ ಅಭಿಪ್ರಾಯ ಬದಲಾಯಿತು. ಎಲ್ಲರಿಗಿಂತ ಕಡಿಮೆ ಓಡಿದವನು ಚಂಡಾ ಎಂದು ಅದರಲ್ಲಿತ್ತು. ಅವನು ಸೋಮಾರಿ ಎಂದು ಅವರಿಗೆ ಮೊದಲೇ ಅನುಮಾನ. ಈಗ ಸಾಕ್ಷಿ ಸಿಕ್ಕಿತು. ಮುಂದಿನ ಪಂದ್ಯಕ್ಕೆ ಅವನನ್ನು ಆಡಿಸದೆ ಹೊರಗೆ ಕೂರಿಸುತ್ತೇನೆ ಎಂದರು.

ನಾನು ಅವನ ಪರವಾಗಿ ವಾದಿಸಿದೆ. ಅದು ನನ್ನ ಕೆಲಸವಲ್ಲ, ಆದರೂ ಹೇಳಿದೆ. ಚೆಂಡು ಬರುವ ಮೊದಲೇ ಅವನು ಹೆಗಲ ಮೇಲಿಂದ ಎರಡು ಸಲ ಹಿಂದಕ್ಕೆ ನೋಡುತ್ತಾನೆ, ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ನಿಂತಿರುತ್ತಾನೆ, ಹಾಗಾಗಿ ಅವನು ಓಡಬೇಕಾಗಿಲ್ಲ, ಇದು ಯಂತ್ರಕ್ಕೆ ತಿಳಿಯುವುದಿಲ್ಲ ಎಂದೆ. ಚೆನ್ನಾಗಿಯೇ ಮಾತಾಡಿದೆನೆಂದು ಕಾಣುತ್ತದೆ. ಕೋಚ್ ಎರಡು ಪಂದ್ಯಗಳ ಅವಕಾಶ ಕೊಟ್ಟರು.

ಆ ಮಧ್ಯಾಹ್ನ ಕಾರು ನಿಲ್ಲಿಸುವ ಜಾಗದಲ್ಲಿ ಇರ್ಫಾನ್ ನನ್ನನ್ನು ತಡೆದ. ಲ್ಯಾಪ್‌ಟಾಪನ್ನು ನನ್ನ ಕಾರಿನ ಮೇಲಿಟ್ಟು ಒಂದು ಗ್ರಾಫು ತೋರಿಸಿದ.

“ಸರ, ಬ್ಯಾರೆಯವರ ಜೋಡಿ ಹೋಲಿಸಬ್ಯಾಡ್ರಿ. ಅವನ್ನ ಅವನ ಜೋಡೀನ ಹೋಲಿಸಿ ನೋಡ್ರಿ. ಹ್ವಾದ ತಿಂಗಳ ಕಡೀ ತನಕ ಒಂದಽ ಸಮ ಓಡ್ತಿದ್ದ. ಈಗ ಮೊದಲಿನ ಅರ್ಧ ತಾಸು ಅಷ್ಟ. ಆಮ್ಯಾಲೆ ಕಡಿಮಿ ಆಗ್ತದ. ಯಾಕಂತ ನನಗ ಗೊತ್ತಿಲ್ಲ. ನಿಮಗ ಗೊತ್ತಾಗಬೇಕು.”

ನಾನು ಗ್ರಾಫನ್ನು ನೋಡಿದೆ. ನೋಡಿದೆ ಎಂದರೆ ಕಣ್ಣು ಹಾಯಿಸಿದೆ. ಆಗಷ್ಟೇ ಒಂದು ವಾದ ಗೆದ್ದು ಬಂದಿದ್ದೆ. ನೀವು ಫುಟ್‌ಬಾಲ್ ಆಡಿದ್ದೀರಾ ಎಂದು ಕೇಳಿದೆ.

“ಇಲ್ರಿ ಸರ. ಕ್ರಿಕೆಟ್ಟೂ ಆಡಿಲ್ಲ,” ಎಂದು ಲ್ಯಾಪ್‌ಟಾಪು ಮುಚ್ಚಿ ಹೋದ.

ಅದೇ ವಾರ ಚಂಡಾ ನನ್ನ ಕೋಣೆಗೆ ಬಂದು, ಎಡಗಾಲಿನ ಬೂಟು ಹೊರಗಿನ ಅಂಚಿನಲ್ಲಿ ಬಿಗಿಯಾಗುತ್ತಿದೆ ಎಂದ. ನಾನು ಬೂಟುಗಳ ಉಸ್ತುವಾರಿಯವರಿಗೆ ಫೋನ್ ಮಾಡಿ, ಸ್ವಲ್ಪ ಅಗಲದ್ದು ತರಿಸಿಕೊಡಿ ಎಂದೆ. ಕಾಲನ್ನು ಮುಟ್ಟಲಿಲ್ಲ. ಗಾಯಗಳ ದಾಖಲೆ ಪುಸ್ತಕದಲ್ಲಿ ಬರೆಯಲಿಲ್ಲ. ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿಗೆ ಹೋಗುವ ಉದ್ದ ಮೂಳೆಯ ಬುಡದಲ್ಲಿ ಹೆಬ್ಬೆರಳಿಟ್ಟು ಒಮ್ಮೆ ಒತ್ತಿದ್ದರೆ ಸಾಕಿತ್ತು. ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಪರೀಕ್ಷೆ ಅದು.

ಕೋಚ್ ಕೊಟ್ಟ ಎರಡು ಪಂದ್ಯಗಳಲ್ಲಿ ಎರಡನೆಯದರಲ್ಲಿ ಆ ಮೂಳೆ ಮುರಿಯಿತು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಅವನು ಚೆಂಡನ್ನು ಕಾಲಲ್ಲಿ ತಡೆದು ಎಡಕ್ಕೆ ತಿರುಗಿದ, ಆಮೇಲೆ ಆಟ ಬೇಸರವಾದವನಂತೆ ಹುಲ್ಲಿನ ಮೇಲೆ ಕೂತ. ನಾನು ಓಡಿಹೋಗಿ ಬೂಟು ಬಿಚ್ಚಿ ಹೆಬ್ಬೆರಳಿನಿಂದ ಒತ್ತಿದೆ. ಅವನು ಕೂಗಲಿಲ್ಲ, ಆಕಾಶ ನೋಡಿದ. ಎಕ್ಸ್‌ರೇ ನೋಡಿದ ಡಾಕ್ಟರು ಬಿರುಕಿನ ಅಂಚುಗಳನ್ನು ಪೆನ್ನಿನಿಂದ ತೋರಿಸಿದರು. ಅಂಚು ದಪ್ಪಗಾಗಿತ್ತು. ಬಿರುಕು ಹಲವು ವಾರಗಳ ಹಿಂದಿನದು, ಇವತ್ತು ಪೂರ್ತಿಯಾಯಿತು ಅಷ್ಟೇ ಎಂದರು. ಒಂದು ಸ್ಕ್ರೂ ಹಾಕಬೇಕು, ನಾಲ್ಕು ತಿಂಗಳು ಬೇಕು. ಪಂದ್ಯಾವಳಿಗೆ ಉಳಿದಿದ್ದದ್ದು ಎರಡೇ ತಿಂಗಳು. ಚಂಡಾ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿ, ಅಣ್ಣನಿಗೆ ಫೋನ್ ಮಾಡಬೇಕು ಎಂದು ನನ್ನ ಸೆಲ್‌ಫೋನು ಕೇಳಿದ. ಅವರ ಭಾಷೆಯಲ್ಲಿ ಎರಡೇ ನಿಮಿಷ ಮಾತಾಡಿದ.

ಮೂರು ದಿನದ ನಂತರ ಕ್ಲಬ್ಬಿನ ಮ್ಯಾನೇಜರ್ ಲಿಂಡಾ ನನ್ನನ್ನು ಆಫೀಸಿಗೆ ಕರೆದರು. ಕೆಟ್ಟ ಹೆಂಗಸಲ್ಲ. ಯಜಮಾನರ ಕಂಪನಿಯ ಷೇರು ಕುಸಿಯಲು ಶುರುವಾಗಿತ್ತು, ಕ್ಲಬ್ಬಿನ ಖರ್ಚು ಇಳಿಸುವ ಕೆಲಸ ಇವರ ತಲೆಯ ಮೇಲೆ ಬಿದ್ದಿತ್ತು. ಮೇಜಿನ ಮೇಲೆ ಒಂದು ಪುಟದ ಹೇಳಿಕೆ ಸಿದ್ಧವಿತ್ತು. ಆಟಗಾರ ಹಳೆಯ ಗಾಯವನ್ನು ವೈದ್ಯಕೀಯ ಸಿಬ್ಬಂದಿಯಿಂದ ಮುಚ್ಚಿಟ್ಟು ಆಡಿದ್ದಾನೆ ಎಂದು ಅದರಲ್ಲಿತ್ತು. ನಾನು ಸಹಿ ಹಾಕಬೇಕು. ಹಾಕಿದರೆ ಕ್ಲಬ್ಬು ಅವನ ಕಾಂಟ್ರಾಕ್ಟು ರದ್ದು ಮಾಡಬಹುದು. ಕಾಂಟ್ರಾಕ್ಟು ಹೋದರೆ ವೀಸಾ ಹೋಗುತ್ತದೆ. ಆಪರೇಷನ್ನೂ ಇಲ್ಲ, ಆಮೇಲಿನ ಚಿಕಿತ್ಸೆಯೂ ಇಲ್ಲ. ಮುರಿದ ಕಾಲಿನಲ್ಲಿ ವಿಮಾನ ಹತ್ತಬೇಕು. ಎಕ್ಸ್‌ರೇ ಇದೆ, ಇದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದು ಲಿಂಡಾ ಕೇಳಿದರು. ನಾಳೆ ಬೆಳಗ್ಗೆ ಹೇಳುತ್ತೇನೆ ಎಂದೆ.

ಮನೆಗೆ ಬಂದು ಊಟದ ಮೇಜಿನಲ್ಲಿ ಭಾಗ್ಯಳಿಗೆ ಎಲ್ಲ ಹೇಳಿದೆ. ಅವಳು ಒಂದು ಡೇಕೇರಿನಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿ ಮಗು ಬಿದ್ದರೆ, ಕೆರೆದುಕೊಂಡರೆ, ಅತ್ತರೆ ಎಲ್ಲವನ್ನೂ ಬರೆದಿಡಬೇಕು.

“ಬೂಟು ಬಿಗಿ ಅಂತ ಅವನು ನಿಮಗೆ ಹೇಳಿದ್ನೋ ಇಲ್ವೋ?” ಎಂದು ಕೇಳಿದಳು.

“ಹೇಳಿದ್ದ.”

“ನೀವು ಬರ್ಕೊಂಡ್ರಾ?”

“ಇಲ್ಲ.”

“ಮತ್ತೆ ಅವನು ಮುಚ್ಚಿಟ್ಟ ಅಂತ ನೀವು ಹೆಂಗ್ರೀ ಸಹಿ ಹಾಕ್ತೀರ?”

ಬರೆದುಕೊಳ್ಳದಿದ್ದದ್ದು ನನ್ನ ತಪ್ಪೆಂದು ಈಗ ಬರೆದುಕೊಟ್ಟರೆ ನನ್ನ ಲೈಸೆನ್ಸಿಗೇ ಕುತ್ತು ಬರಬಹುದು ಎಂದೆ. ನಾವು ಮಾತಾಡಿದ್ದೆಲ್ಲ ಕೇಳಿಸಿಕೊಳ್ಳುತ್ತಿದ್ದ ಮಗಳು ತಟ್ಟೆಯಿಂದ ತಲೆಯೆತ್ತದೆ, “ಜಸ್ಟ್ ರೈಟ್ ವಾಟ್ ಹ್ಯಾಪನ್ಡ್, ಅಪ್ಪ,” ಎಂದಳು. ಹನ್ನೊಂದರ ವಯಸ್ಸಿನಲ್ಲಿ ಅದು ಸುಲಭ.

ಮರುದಿನ ಆಫೀಸಿಗೆ ಹೋಗುವ ಮೊದಲು ಇರ್ಫಾನನಿಗೆ ಫೋನ್ ಮಾಡಿದೆ. ಕಾರಿನ ಹತ್ತಿರ ಆಡಿದ ಮಾತಿಗೆ ಕ್ಷಮೆ ಕೇಳಿ, ಆ ಗ್ರಾಫಿನ ಪ್ರತಿ ಸಿಗುತ್ತದೆಯೇ ಎಂದೆ. ಅವನು, “ಸರ, ಅದನ್ನ ನಾವು ಕ್ಲಬ್ಬಿಗೆ ವಾರಾ ವಾರಾ ಕಳಿಸೀವ್ರಿ. ಅವರ ಕಡೇನ ಐತಿ. ಯಾರೂ ತೆಗದು ನೋಡಿಲ್ಲ ಅಷ್ಟ,” ಎಂದ.

ನಾನು ಕೈಬರಹದಲ್ಲೇ ಒಂದು ಪುಟ ಬರೆದೆ. ಆಟಗಾರ ಪಾದದ ಹೊರ ಅಂಚಿನ ತೊಂದರೆಯನ್ನು ನನಗೆ ಹೇಳಿದ್ದ. ನಾನು ಬೂಟು ಬದಲಿಸಿದೆ, ಕಾಲು ಪರೀಕ್ಷಿಸಲಿಲ್ಲ, ದಾಖಲಿಸಲಿಲ್ಲ. ಅವನ ಓಟ ಕಡಿಮೆಯಾಗಿರುವುದನ್ನು ಎಂಜಿನಿಯರು ತೋರಿಸಿದಾಗಲೂ ಗಮನ ಕೊಡಲಿಲ್ಲ. ಆ ಮಾಹಿತಿ ಕ್ಲಬ್ಬಿನ ಬಳಿಯೂ ಇದೆ. ಇಷ್ಟೇ. ಲಿಂಡಾ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಇದರಿಂದ ನಿಮಗೇನಾಗಬಹುದು ಗೊತ್ತೇ ಎಂದು ಕೇಳಿದರು. ಗೊತ್ತು ಎಂದೆ. ಅವರು ತಮ್ಮ ಪುಟವನ್ನು ಮಡಿಸಿ ಡ್ರಾಯರಿನೊಳಗೆ ಇಟ್ಟರು.

ಕಾಂಟ್ರಾಕ್ಟು ರದ್ದಾಗಲಿಲ್ಲ. ಆಪರೇಷನ್ ಆಯಿತು. ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಕೋಚ್ ಹ್ಯಾನಿಗನ್ ಒಂದು ವಾರ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ನನ್ನ ಕೋಣೆಗೆ ಬಂದು, ತಮ್ಮ ಇಪ್ಪತ್ತಮೂರನೇ ವಯಸ್ಸಿನಲ್ಲಿ ಮಂಡಿ ಹೋದಾಗ ಯಾರೂ ಹೀಗೆ ಬರೆದುಕೊಡಲಿಲ್ಲ ಎಂದು ಹೇಳಿ, ತಮ್ಮ ಬಲಮಂಡಿಯನ್ನು ತಟ್ಟಿ ತೋರಿಸಿ ಹೊರಟುಹೋದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಒಳ್ಳೆಯವನಾಗಿ ಉಳಿಯುತ್ತಿದ್ದೆ. ಪ್ಲಾಸ್ಟರು ಬಿಚ್ಚಿದ ವಾರ, ಈಜುಕೊಳದಲ್ಲಿ ನೀರಿನೊಳಗೆ ನಡೆಸುತ್ತಿದ್ದಾಗ, ನಾನು ಬರೆದುಕೊಟ್ಟ ವಿಷಯವನ್ನು ಚಂಡಾನಿಗೆ ಹೇಳಿದೆ. ಅವನು ನಡೆಯುವುದನ್ನು ನಿಲ್ಲಿಸಿದ.

“ಮೂಳೆ ಅಂತ ನನಗೆ ಗೊತ್ತಿತ್ತು,” ಎಂದ. “ಬೆಲ್ಜಿಯಮ್‌ನಲ್ಲಿ ನನ್ನ ರೂಮಿನವನಿಗೆ ಇದೇ ಜಾಗದಲ್ಲಿ ಆಗಿತ್ತು. ಬೂಟು ಬಿಗಿ ಅಂದ್ರೆ ನೀವು ಬೂಟು ಬದಲಿಸ್ತೀರಿ, ಕಾಲು ನೋಡೋದಿಲ್ಲ ಅಂದ್ಕೊಂಡೆ.”

“ಹಾಗಿದ್ರೆ ಏನೂ ಹೇಳದೆ ಇರಬಹುದಿತ್ತಲ್ಲ?”

“ನಿಮ್ಮ ಮನೆಯಲ್ಲಿ ಊಟ ಮಾಡಿದೀನಿ. ಪೂರ್ತಿ ಸುಳ್ಳು ಹೇಳೋಕಾಗಲಿಲ್ಲ.”

ಅಂದರೆ ಲಿಂಡಾರ ಪುಟದಲ್ಲಿದ್ದದ್ದೂ ನಿಜವೇ. ನನಗೆ ಸಿಟ್ಟು ಬಂತು. ಎರಡು ದಿನ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚು ಆಡದೆ ವ್ಯಾಯಾಮ ಮಾಡಿಸಿದೆ. ಹೋಗಿ ವರದಿ ತಿದ್ದಬೇಕೇ ಎಂದು ಯೋಚಿಸಿದೆ. ನಾನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಕಾಲು ಮುಟ್ಟದಿದ್ದವನು ನಾನೇ. ಅವನು ಮುಚ್ಚಿಟ್ಟ ಎನ್ನುವುದೂ ಸುಳ್ಳಲ್ಲ. ತಿದ್ದಲಿಲ್ಲ. ಅದು ಸರಿ ಎಂದು ಈಗಲೂ ಸಾಧಿಸಲು ಹೋಗುವುದಿಲ್ಲ. ನಿಮ್ಮಲ್ಲಿ ಕೆಲವರು ತಿದ್ದುತ್ತಿದ್ದರೇನೋ; ಅವರನ್ನು ನಾನು ತಪ್ಪೆನ್ನುವುದಿಲ್ಲ. ಒಂದು ಮಾತ್ರ ಹೇಳಬಲ್ಲೆ. ಆಟಗಾರ ಹೇಳುವ ದೂರು ಎಷ್ಟು ಚಿಕ್ಕದಿದ್ದರೂ ಬೂಟು ಬಿಚ್ಚಿಸಿ. ಅವನು ನಿಮ್ಮ ಕೈ ಅಲ್ಲಿಗೆ ಬರಬಾರದೆಂದೂ, ಬರಲಿ ಎಂದೂ ಒಟ್ಟಿಗೇ ಬಯಸುತ್ತಿರುತ್ತಾನೆ.

ಪಂದ್ಯಾವಳಿ ಅವನಿಲ್ಲದೆ ನಡೆಯಿತು. ಅವನ ತಂಡ ಬೇಗನೆ ಸೋತು ಮನೆಗೆ ಹೋಯಿತು. ಆ ದಿನ ಅವನು ವ್ಯಾಯಾಮಕ್ಕೆ ಎಂದಿನಂತೆಯೇ ಬಂದು ಹೇಳಿದ್ದನ್ನೆಲ್ಲ ಮಾಡಿದ.

ಅಷ್ಟರಲ್ಲಿ ಫ್ರೀವೇಯ ಬೋರ್ಡುಗಳು ಒಂದೊಂದೇ ಬರಿದಾಗತೊಡಗಿದ್ದವು. ಇರ್ಫಾನನ ಕಂಪನಿ ಒಂದು ಶುಕ್ರವಾರ ಮುಚ್ಚಿತು. ಅವನಿಗೆ ಬೇರೆ ಕೆಲಸ ಸಿಗಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳೂ ಶನಿವಾರ ಬೆಳಗ್ಗೆ ಅವನು ಒಂದು ರಟ್ಟಿನ ಪೆಟ್ಟಿಗೆ ತುಂಬ ಪಟ್ಟಿಗಳನ್ನು ಹೊತ್ತು ನಮ್ಮಲ್ಲಿಗೆ ಬರುತ್ತಿದ್ದ. ಕಂಪನಿ ಮುಚ್ಚಿದ ಮ್ಯಾಲೆ ಇವನ್ನ ಯಾರೂ ವಾಪಸ್ ಕೇಳಲಿಲ್ಲ ಸರ, ಅದಕ್ಕ ತಂದೆ ಎಂದಿದ್ದ. ಅಲ್ಲಿಯವರೆಗೆ ನಾನು ಕ್ಯಾಲೆಂಡರು ನೋಡಿ ಆಟಗಾರರನ್ನು ಮೈದಾನಕ್ಕೆ ಬಿಡುತ್ತಿದ್ದೆ: ಆರು ವಾರವಾದರೆ ಓಟ, ಹತ್ತು ವಾರವಾದರೆ ಚೆಂಡು. ಚಂಡಾನ ವಿಷಯದಲ್ಲಿ ಮೊದಲ ಬಾರಿಗೆ ಅವನ ಹಳೆಯ ಗ್ರಾಫನ್ನೂ ಹೊಸ ಗ್ರಾಫನ್ನೂ ಪಕ್ಕದಲ್ಲಿಟ್ಟು, ಎರಡೂ ಒಂದೇ ಆಗುವವರೆಗೆ ಕಾದೆವು. ನಾಲ್ಕು ತಿಂಗಳ ಬದಲು ಐದೂವರೆ ಹಿಡಿಯಿತು. ಈಗ ಎಲ್ಲ ಕಡೆಯೂ ಹೀಗೆಯೇ ಮಾಡುತ್ತಾರೆ, ಯಂತ್ರಗಳೂ ಬಹಳ ಚೆನ್ನಾಗಿವೆ. ಅಂದು ನಾವು ಮೂವರು ಸ್ಯಾನ್ ಹೊಸೆಯ ಒಂದು ಸಾರ್ವಜನಿಕ ಮೈದಾನದಲ್ಲಿ, ಕಾಲೇಜು ಹುಡುಗರ ಆಟದ ನಡುವೆ ಜಾಗ ಕೇಳಿಕೊಂಡು ಅದನ್ನು ಮಾಡಿದೆವು.

ಸೀಸನ್ ಮುಗಿದಾಗ ಕ್ಲಬ್ಬು ಚಂಡಾನ ಕಾಂಟ್ರಾಕ್ಟು ಮುಂದುವರಿಸಲಿಲ್ಲ. ನನ್ನದನ್ನೂ ಮುಂದುವರಿಸಲಿಲ್ಲ, ಆ ಕೆಲಸವನ್ನು ಒಂದು ಆಸ್ಪತ್ರೆಗೆ ವಹಿಸಿಕೊಟ್ಟರು. ನಾನು ಸ್ಯಾನ್ ಮಟಿಯೋದ ಮಂಡಿಗಳಿಗೆ ಮರಳಿ, ನಿವೃತ್ತಿಯವರೆಗೆ ಅಲ್ಲೇ ಇದ್ದೆ. ಅವನಿಗೆ ಅಮೆರಿಕದ ಪೂರ್ವ ತೀರದಲ್ಲಿ ಎರಡನೇ ದರ್ಜೆಯ ಒಂದು ಕ್ಲಬ್ಬು ಸಿಕ್ಕಿತು. ಊರವರು ಮೂರನೇ ಸಲ ಕಾಯುವುದಿಲ್ಲ ಎಂದಿದ್ದ. ಆದರೆ ಮರುವರ್ಷ ಅವನಿಗೆ ದೇಶದ ತಂಡದಿಂದ ಮತ್ತೆ ಕರೆ ಬಂತು. ಅವನು ನನಗೆ ಫೋನ್ ಮಾಡಿ, ಹೋಗಲೇ ಎಂದು ಕೇಳಿದ. ನಮ್ಮ ಒಡನಾಟದಲ್ಲಿ ಅವನು ಹಾಗೆ ಕೇಳಿದ್ದು ಅದೊಂದೇ ಸಲ. ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ನಡೆ, ಪೂರ್ತಿ ಪಂದ್ಯ ಆಡಬೇಡ, ಅರ್ಧ ಆಟವಾದ ಮೇಲೆ ಮೈದಾನಕ್ಕೆ ಇಳಿ ಎಂದು ಹೇಳಿದೆ. ತಂಡದ ಕೋಚಿಗೆ ತೋರಿಸಲು ಒಂದು ಪತ್ರವನ್ನೂ ಬರೆದುಕೊಟ್ಟೆ.

ಪಂದ್ಯದ ದಿನ ಬೆಳಗ್ಗೆ ಎಂಟೂವರೆಗೆ, ಅಲ್ಲಿ ಸಂಜೆಯಾಗಿರಬೇಕು, ಆಸ್ಪತ್ರೆಯಲ್ಲಿ ನನ್ನ ಕೋಣೆಯ ಫೋನು ರಿಂಗಾಯಿತು. ಮಂಡಿ ಬದಲಿಸಿಕೊಂಡ ಒಬ್ಬ ಅಜ್ಜಿಯನ್ನು ಮಂಚದ ಮೇಲೆ ಕೂರಿಸಿ ಹೋಗಿ ಎತ್ತಿಕೊಂಡೆ. ಹಿಂದಿನಿಂದ ಜನರ ಗದ್ದಲ, ಹಾಡು, ಯಾರೋ ಡೋಲು ಬಡಿಯುತ್ತಿದ್ದರು. ಗೆದ್ದೆವು ಎಂದ ಚಂಡಾ. ಕೊನೆಯ ಮೂವತ್ತೈದು ನಿಮಿಷ ಆಡಿದೆ, ಎರಡನೇ ಗೋಲಿಗೆ ಚೆಂಡು ಕೊಟ್ಟವನು ನಾನೇ, ಅಣ್ಣ ಮೈದಾನದಲ್ಲೇ ಇದ್ದಾನೆ, ಮಾತಾಡುತ್ತೀರಾ ಎಂದು ಒಂದರ ಮೇಲೊಂದು ಹೇಳುತ್ತ ಹೋದ. ಅವನು ಉಸಿರು ತೆಗೆದುಕೊಂಡಾಗ ನಾನು, ಕಾಲು ಹೇಗಿದೆ ಎಂದು ಕೇಳಿದೆ.

“ಯಾವ ಕಾಲು?” ಎಂದ.

ತಮಾಷೆಗೆ ಹೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಹೊಳೆಯಲಿಲ್ಲ.